ಘಟ್ಟದ ಮೇಲಿನ ಟಿವಿ, ಕಡಲ ದಂಡೆಯ ಎಸಿ: ಎಲ್ಲ ರಿಮೋಟ್‌ಗಳಿಗೆ ಒಂದೇ ಹಬ್ ಕೂರಿಸುವ ಬಗೆ

ಸಂಜೆ ಏಳಕ್ಕೆ ಆಯಿಯ ಫೋನ್ ಬಂದಿತೆಂದರೆ ವಿಷಯ ಏನೆಂದು ಎತ್ತುವ ಮೊದಲೇ ಗೊತ್ತಾಗುತ್ತಿತ್ತು. “ಟಿವಿ ನೀಲಿಯಾಗಿ ನಿಂತಿದೆ ನೋಡು. ಏನು ಒತ್ತಿದೆನೋ ತಿಳಿಯಲಿಲ್ಲ.” ಅವಳಿರುವುದು ಶಿರಸಿ ಸಮೀಪದ ಹಳ್ಳಿಯಲ್ಲಿ, ನಾನಿರುವುದು ಕಾರವಾರದ ಕೋಡಿಬಾಗದಲ್ಲಿ. ನಡುವೆ ದೇವಿಮನೆ ಘಟ್ಟ. “ಕೈಯಲ್ಲಿರುವುದು ಉದ್ದದ ರಿಮೋಟೋ, ಗಿಡ್ಡದ್ದೋ?” ಎಂದು ಶುರುವಾದ ಮಾತು ಮುಗಿಯುವಷ್ಟರಲ್ಲಿ ಅವಳು ನೋಡಬೇಕಿದ್ದ ವಾರ್ತೆ ಮುಗಿದಿರುತ್ತಿತ್ತು. ಒಮ್ಮೆಯಂತೂ “ಇರಲಿ ಬಿಡು, ನನಗೆ ಟಿವಿಯೇ ಬೇಡ” ಎಂದು ಫೋನ್ ಇಟ್ಟುಬಿಟ್ಟಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಈಗ ಅಂಥ ಕರೆ ಬಂದರೆ ಕೂತಲ್ಲಿಂದಲೇ ಮೊಬೈಲಿನಲ್ಲಿ ಒಂದು ಗುಂಡಿ ಒತ್ತುತ್ತೇನೆ. ಘಟ್ಟದ ಮೇಲೆ ಟಿವಿ ಸರಿದಾರಿಗೆ ಬರುತ್ತದೆ. ಈ ಕೆಲಸ ಮಾಡುವುದು ಯೂನಿವರ್ಸಲ್ ರಿಮೋಟ್ ಹಬ್ ಎಂಬ, ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಡಬ್ಬಿ. ಹಿರಿಯರು ಊರಲ್ಲಿ, ಮಕ್ಕಳು ಹೊರಗೆ ಎಂಬಂತಿರುವ ಮನೆಗಳು ನಮ್ಮ ಜಿಲ್ಲೆಯಲ್ಲಿ ಬಹಳ. ಆ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. ಎರಡು ಮನೆಗಳಲ್ಲಿ ಹಬ್ ಕೂರಿಸಿದ ಅನುಭವ ಇದರಲ್ಲಿದೆ: ಆಯಿಯ ಮನೆಯ ಟಿವಿ, ಡಿಶ್ ಬಾಕ್ಸ್, ಫ್ಯಾನು ಒಂದು ಕಡೆ, ಕಾರವಾರದ ನನ್ನ ಬಾಡಿಗೆ ಮನೆಯ ಎಸಿ ಇನ್ನೊಂದು ಕಡೆ.

ಮೊದಲು ಇದನ್ನು ತಿಳಿದುಕೊಳ್ಳಿ

ನಾವು ದಿನವೂ ಬಳಸುವ ಹೆಚ್ಚಿನ ರಿಮೋಟ್‌ಗಳು ಇನ್‌ಫ್ರಾರೆಡ್ (ಚುಟುಕಾಗಿ ಐಆರ್), ಅಂದರೆ ಅವಕೆಂಪು ಬೆಳಕಿನಿಂದ ಕೆಲಸ ಮಾಡುತ್ತವೆ. ತರಂಗಾಂತರ ಸುಮಾರು 940 ನ್ಯಾನೊಮೀಟರ್, ಕಣ್ಣಿಗೆ ಕಾಣುವುದಿಲ್ಲ. ಗುಂಡಿ ಒತ್ತಿದಾಗ ರಿಮೋಟಿನ ಮೂತಿಯಲ್ಲಿರುವ ಪುಟ್ಟ ಎಲ್‌ಇಡಿ ಸಾಮಾನ್ಯವಾಗಿ ಸೆಕೆಂಡಿಗೆ 38 ಸಾವಿರ ಸಲದ ವೇಗದಲ್ಲಿ ಮಿಡಿಯುತ್ತದೆ. ಆ ಮಿಡಿತವನ್ನು ಉದ್ದ, ಗಿಡ್ಡ ತುಂಡುಗಳಾಗಿ ಕಡಿದು ಸಂಕೇತ ಕಟ್ಟಲಾಗುತ್ತದೆ. ಸುತ್ತಲಿನ ಬಿಸಿಲಿನಲ್ಲಿ, ದೀಪದ ಬೆಳಕಿನಲ್ಲಿಯೂ ಅವಕೆಂಪು ಇರುವುದರಿಂದ, ಈ ನಿರ್ದಿಷ್ಟ ಮಿಡಿತ ಇದ್ದರೆ ಮಾತ್ರ ಟಿವಿ ಅದನ್ನು ತನಗೆ ಬಂದ ಮಾತೆಂದು ಗುರುತಿಸುತ್ತದೆ. ಹಬ್ ಮಾಡುವುದೂ ಇಷ್ಟೇ. ಅದರೊಳಗೆ ನಾಲ್ಕಾರು ದಿಕ್ಕಿಗೆ ಮುಖಮಾಡಿದ ಐಆರ್ ಎಲ್‌ಇಡಿಗಳಿರುತ್ತವೆ. ವೈಫೈ ಮೂಲಕ ನಿಮ್ಮ ಮೊಬೈಲಿನ ಮಾತು ಕೇಳಿ, ಅದನ್ನು ಬೆಳಕಿನ ಸಂಕೇತವಾಗಿಸಿ ಕೋಣೆಯಲ್ಲೆಲ್ಲ ಹರಡುತ್ತದೆ.

ಇಲ್ಲಿ ಒಂದು ವಿಷಯ ಮನಸ್ಸಿಗೆ ಹೊಕ್ಕರೆ ಮುಂದಿನ ಅರ್ಧ ಕೆಲಸ ಹಗುರವಾಗುತ್ತದೆ. ತೋಟದ ಅಂಚಿನಲ್ಲಿ ನಿಂತು ಮನೆಯತ್ತ ಕೂಗು ಹಾಕುತ್ತೇವಲ್ಲ, ಮನೆಯಿಂದ “ಓ” ಎಂದು ಬಂದರೆ ಮಾತು ಮುಟ್ಟಿತು ಎಂದು ತಿಳಿಯುತ್ತೇವೆ. ಐಆರ್ ರಿಮೋಟ್ ಕೂಗು ಮಾತ್ರ ಹಾಕುತ್ತದೆ. ಆಚೆಯಿಂದ “ಓ” ಬರುವುದೇ ಇಲ್ಲ. ಟಿವಿ ಹೊತ್ತಿತೋ, ಎಸಿ ಆರಿತೋ ಹಬ್‌ಗೆ ತಿಳಿಯದು. ಆ್ಯಪ್‌ನಲ್ಲಿ “ಆನ್” ಎಂದು ಹಸಿರು ಬಣ್ಣ ಕಂಡರೆ, ಕೂಗಿದ್ದಾಯಿತು ಎಂದಷ್ಟೇ ಅದರ ಅರ್ಥ.

ಇದನ್ನು ನಾನು ಕಲಿತದ್ದು ಆಯಿಯನ್ನು ಹೆದರಿಸಿ. ಅವಳು ಟಿವಿ ಹಚ್ಚಿಟ್ಟು ಒರಗಿದಲ್ಲೇ ನಿದ್ದೆ ಹೋಗುತ್ತಾಳೆಂದು, ರಾತ್ರಿ ಹತ್ತೂವರೆಗೆ ಟಿವಿ ತಾನಾಗಿ ಆರುವಂತೆ ವೇಳೆ ಇಟ್ಟಿದ್ದೆ. ಒಂದು ವಾರ ಚೆನ್ನಾಗಿ ನಡೆಯಿತು. ಎಂಟನೆಯ ದಿನ ಅವಳು ಹತ್ತಕ್ಕೇ ಟಿವಿ ಆರಿಸಿ ಮಲಗಿದ್ದಳು. ಟಿವಿ ರಿಮೋಟಿನಲ್ಲಿ ಹಚ್ಚಲೂ ಆರಿಸಲೂ ಇರುವುದು ಒಂದೇ ಪವರ್ ಗುಂಡಿ, ಸಂಕೇತವೂ ಒಂದೇ. ಹತ್ತೂವರೆಗೆ ಹಬ್ ಆ ಸಂಕೇತ ಕೂಗಿತು. ಆರಿದ್ದ ಟಿವಿ ಹೊತ್ತಿಕೊಂಡಿತು. ಕತ್ತಲ ಮನೆಯಲ್ಲಿ ಒಬ್ಬಳೇ ಇರುವ ಎಪ್ಪತ್ತೆರಡರ ಹೆಂಗಸು, ನಡುಮನೆಯಲ್ಲಿ ಇದ್ದಕ್ಕಿದ್ದಂತೆ ಗಂಡಸರ ಮಾತಿನ ಸದ್ದು. ಅವಳು ಟಾರ್ಚು ಹಿಡಿದು ಬಾಗಿಲ ಸಂದಿಯಿಂದ ನೋಡುತ್ತಾ ಎಷ್ಟು ಹೊತ್ತು ನಿಂತಿದ್ದಳೋ, ಮಾರನೆಯ ಬೆಳಿಗ್ಗೆಯವರೆಗೆ ನನಗೆ ಹೇಳಲೂ ಇಲ್ಲ. ಇದಕ್ಕೆ ಪರಿಹಾರವೇನು ಎಂಬುದನ್ನು ಮುಂದೆ ಬರೆದಿದ್ದೇನೆ. ಆ ಭಾಗವನ್ನು ಮಾತ್ರ ದಯವಿಟ್ಟು ಹಾರಿಸಬೇಡಿ.

ರಿಮೋಟ್‌ಗಳನ್ನು ಚಾಪೆಯ ಮೇಲೆ ಹರಡಿ

ಹಬ್ ಕೊಳ್ಳುವ ಮೊದಲು ಮನೆಯ ರಿಮೋಟ್‌ಗಳನ್ನೆಲ್ಲ ಒಂದೆಡೆ ಸೇರಿಸಿ. ಮೊಬೈಲಿನ ಸೆಲ್ಫಿ ಕ್ಯಾಮೆರಾ ತೆರೆದು, ರಿಮೋಟಿನ ಮೂತಿಯನ್ನು ಅದಕ್ಕೆ ಎದುರಾಗಿ ಹಿಡಿದು ಗುಂಡಿ ಒತ್ತಿ. ಪರದೆಯಲ್ಲಿ ಆ ಪುಟ್ಟ ಎಲ್‌ಇಡಿ ನಸುನೇರಳೆ ಬಣ್ಣದಲ್ಲಿ ಪಟಪಟನೆ ಮಿನುಗಿದರೆ ಅದು ಐಆರ್ ರಿಮೋಟ್. ಹಿಂಬದಿಯ ಕ್ಯಾಮೆರಾಗಳಲ್ಲಿ ಈ ಬೆಳಕನ್ನು ತಡೆಯುವ ಗಾಜು ಬಲವಾಗಿರುತ್ತದೆ. ಹಾಗಾಗಿ ಮುಂಬದಿಯದೇ ಒಳ್ಳೆಯದು. ಸಂಜೆಯ ಮಬ್ಬಿನಲ್ಲಿ ಮಾಡಿದರೆ ಇನ್ನೂ ಸ್ಪಷ್ಟ. ಆಯಿಯ ಫ್ಯಾನಿನ ರಿಮೋಟ್ ಮೊದಲ ಸಲ ಮಿನುಗಲೇ ಇಲ್ಲ. ಕೆಟ್ಟಿದೆ ಎಂದುಕೊಂಡು ತೆರೆದರೆ, ಸೆಲ್ ಕೂರುವ ಸ್ಪ್ರಿಂಗಿಗೆ ಮಳೆಗಾಲದ ತೇವಕ್ಕೆ ಹಸಿರು ಕಿಲುಬು ಹಿಡಿದಿತ್ತು. ಅದನ್ನು ಕೆರೆದು ಹೊಸ ಸೆಲ್ ಹಾಕಿದ ಕೂಡಲೇ ಮಿನುಗಿತು.

ಮಿನುಗದೆಯೂ ಕೆಲಸ ಮಾಡುವ ರಿಮೋಟ್‌ಗಳು ರೇಡಿಯೊ ಅಥವಾ ಬ್ಲೂಟೂತ್‌ನವು. ಅಮೆಜಾನ್ ಫೈರ್ ಟಿವಿ ಸ್ಟಿಕ್‌ನ ರಿಮೋಟ್ ಸ್ಟಿಕ್‌ನೊಂದಿಗೆ ಮಾತನಾಡುವುದು ಬ್ಲೂಟೂತ್‌ನಲ್ಲಿ. ಅದೇ ರಿಮೋಟಿನಲ್ಲಿರುವ ಟಿವಿ ಪವರ್ ಮತ್ತು ಧ್ವನಿಯ ಗುಂಡಿಗಳು ಮಾತ್ರ ಐಆರ್. ಹೀಗಾಗಿ ಸಾಮಾನ್ಯ ಐಆರ್ ಹಬ್ ಇಟ್ಟುಕೊಂಡು ಸ್ಟಿಕ್ ಓಡಿಸುತ್ತೇನೆಂದರೆ ಆಗದು. ಕೆಲವು ಫ್ಯಾನ್, ಪರದೆ, ದೀಪಗಳ ರಿಮೋಟ್ 433 ಮೆಗಾಹರ್ಟ್ಸ್ ರೇಡಿಯೊ ಬಳಸುತ್ತದೆ. ಅದಕ್ಕೆ ಐಆರ್ ಜೊತೆಗೆ ರೇಡಿಯೊವನ್ನೂ ಕಳಿಸಬಲ್ಲ ಹಬ್ ಬೇಕು. ಗೇಟಿನ ರಿಮೋಟ್‌ಗಳಲ್ಲಿ ಒತ್ತಿದಾಗಲೆಲ್ಲ ಸಂಕೇತ ಬದಲಾಗುವ ವ್ಯವಸ್ಥೆ ಇದ್ದರೆ ಹಬ್ ಅದನ್ನು ಕಲಿಯಲಾರದು. ಅದು ಮನೆಯ ಸುರಕ್ಷತೆಗಾಗಿ ಇರುವ ವ್ಯವಸ್ಥೆ, ಹಾಗೆಯೇ ಇರಲಿ.

ಯಾವ ಹಬ್ ಕೊಳ್ಳಬೇಕು

ಬರೀ ಐಆರ್ ಇರುವ ಹಬ್‌ಗಳು ಸಾವಿರ ರೂಪಾಯಿಯ ಆಸುಪಾಸಿನಿಂದ ಸಿಗುತ್ತವೆ. ಟುಯಾ ವ್ಯವಸ್ಥೆಯ ಮೇಲೆ ನಡೆಯುವ, ಸ್ಮಾರ್ಟ್ ಲೈಫ್ ಆ್ಯಪ್‌ಗೆ ಸೇರುವ ಹಬ್‌ಗಳು ಬೇರೆ ಬೇರೆ ಹೆಸರಿನಲ್ಲಿ ಮಾರಾಟಕ್ಕಿವೆ. ಬ್ರಾಡ್‌ಲಿಂಕ್ ಕಂಪನಿಯ ಆರ್‌ಎಂ4 ಮಿನಿ ಐಆರ್‌ಗೆ ಮಾತ್ರ, ಆರ್‌ಎಂ4 ಪ್ರೊ ರೇಡಿಯೊಗೂ ಆಗುತ್ತದೆ. ಆಯಿಯ ಮನೆಯಂಥ ಮನೆಗೆ ಅಗ್ಗದ್ದೇ ಸಾಕು ಎಂಬುದು ನನ್ನ ಅಭಿಪ್ರಾಯ. ಹೆಚ್ಚು ದುಡ್ಡನ್ನು ಹಬ್‌ನ ಮೇಲಲ್ಲ, ರೌಟರಿಗೆ ಬ್ಯಾಟರಿ ಬ್ಯಾಕಪ್ ಕೊಡುವುದರ ಮೇಲೆ ಹಾಕಿ.

ಒಂದು ಎಚ್ಚರಿಕೆ. ಈ ವರ್ಗದಲ್ಲಿ ಬಹಳ ಹೆಸರು ಮಾಡಿದ್ದ ಹಾರ್ಮನಿ ರಿಮೋಟ್‌ಗಳ ತಯಾರಿಕೆಯನ್ನು ನಿಲ್ಲಿಸುವುದಾಗಿ ಲಾಜಿಟೆಕ್ 2021ರಲ್ಲಿ ಘೋಷಿಸಿತು. ಎಷ್ಟು ದೊಡ್ಡ ಹೆಸರಿದ್ದರೂ ಇಂಥ ವಸ್ತು ಒಂದು ದಿನ ನಿಲ್ಲಬಹುದು. ಆದ್ದರಿಂದ ಹಳೆಯ ರಿಮೋಟ್‌ಗಳನ್ನು ಎಸೆಯುವ ಮಾತೇ ಬೇಡ.

ವೈಫೈಗೆ ಸೇರಿಸುವುದು

ಹೆಚ್ಚಿನವರು ಸೋಲುವುದು ಇಲ್ಲಿ, ಕಾರಣವೂ ಸಾಮಾನ್ಯವಾಗಿ ಒಂದೇ. ಇಂಥ ಹಬ್‌ಗಳಲ್ಲಿ ಬಹುಪಾಲು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಈಗಿನ ರೌಟರ್‌ಗಳು 2.4 ಮತ್ತು 5 ಗಿಗಾಹರ್ಟ್ಸ್ ಎರಡನ್ನೂ ಒಂದೇ ಹೆಸರಿನಲ್ಲಿ ಕೊಡುತ್ತವೆ. ಮೊಬೈಲ್ 5ರಲ್ಲಿ ಇರುತ್ತದೆ, ಹಬ್ 2.4ರಲ್ಲಿ ಹುಡುಕುತ್ತಿರುತ್ತದೆ, ಇಬ್ಬರೂ ಭೇಟಿಯಾಗುವುದಿಲ್ಲ. ರೌಟರಿನ ಸೆಟ್ಟಿಂಗ್‌ಗೆ ಹೋಗಿ 2.4ಕ್ಕೆ ಬೇರೆ ಹೆಸರು ಕೊಡಿ, ಅಥವಾ ಜೋಡಿಸಿ ಮುಗಿಯುವವರೆಗೆ 5 ಅನ್ನು ಆರಿಸಿ. ವೈಫೈ ಭದ್ರತೆ ಡಬ್ಲ್ಯುಪಿಎ3 ಮಾತ್ರ ಎಂದಿದ್ದರೆ ಡಬ್ಲ್ಯುಪಿಎ2ನ್ನೂ ಒಪ್ಪುವಂತೆ ಬದಲಿಸಿ. ಮೊಬೈಲಿನಲ್ಲಿ ಆ್ಯಪ್ ಕೇಳುವ ಸ್ಥಳದ ಅನುಮತಿಯನ್ನು ಜೋಡಿಸುವ ಹೊತ್ತಿಗಾದರೂ ಕೊಡಿ. ಇಲ್ಲದಿದ್ದರೆ ಆಂಡ್ರಾಯ್ಡ್ ಅದಕ್ಕೆ ವೈಫೈ ಪಟ್ಟಿಯನ್ನು ತೋರಿಸುವುದಿಲ್ಲ.

ಆ್ಯಪ್ ಖಾತೆಯನ್ನು ನಿಮ್ಮ ಇಮೇಲ್‌ನಲ್ಲಿ ತೆರೆದು, ಮನೆಯ ಉಳಿದವರನ್ನು ಆ್ಯಪ್‌ನೊಳಗಿನ ಕುಟುಂಬದ ಪಟ್ಟಿಗೆ ಆಹ್ವಾನಿಸಿ. ಒಂದೇ ಪಾಸ್‌ವರ್ಡ್ ಅನ್ನು ಅಕ್ಕ, ಭಾವ, ಮಕ್ಕಳು ಎಲ್ಲರಿಗೂ ಹಂಚಬೇಡಿ.

ಎಲ್ಲಿ ಇಡಬೇಕು

ಐಆರ್ ಬೆಳಕು ಗೋಡೆ ದಾಟುವುದಿಲ್ಲ. ಚಿರೆಕಲ್ಲಿನ ಗೋಡೆಯಂತೂ ವೈಫೈಯನ್ನೂ ಸೊರಗಿಸುತ್ತದೆ. ಹೀಗಾಗಿ ಒಂದು ಕೋಣೆಗೆ ಒಂದು ಹಬ್ ಎಂದೇ ಲೆಕ್ಕ. ಟಿವಿ, ಬಾಕ್ಸು, ಫ್ಯಾನು ಮೂರಕ್ಕೂ ಕಾಣುವ, ಎದೆಯೆತ್ತರಕ್ಕಿಂತ ಮೇಲಿನ ಜಾಗ ಹುಡುಕಿ. ಬೆಳಕು ಬಿಳಿ ಗೋಡೆಗೆ ತಾಗಿ ಹಿಂದಿರುಗುವುದರಿಂದ ಪೂರ್ತಿ ನೇರ ಇರಬೇಕೆಂದಿಲ್ಲ. ಆಯಿಯ ಮನೆಯಲ್ಲಿ ಟಿವಿಗೆ ಎದುರಿನ ಗೋಡೆಗೂಡಿನಲ್ಲಿ, ದೇವರ ಪಟದ ಪಕ್ಕ ಇಟ್ಟಿದ್ದೇನೆ. ಮೊದಲು ಗೂಡಿನ ಒಳಬದಿಗೆ ತಳ್ಳಿ ಇಟ್ಟಿದ್ದೆ. ಟಿವಿ ಕೇಳುತ್ತಿತ್ತು, ಮಾಡಿನ ಫ್ಯಾನು ಕೇಳುತ್ತಿರಲಿಲ್ಲ. ಗೂಡಿನ ಅಂಚಿಗೆ, ನಾಲ್ಕು ಬೆರಳಷ್ಟು ಮುಂದೆ ಎಳೆದ ಮೇಲೆ ಫ್ಯಾನೂ ತಿರುಗಿತು. ಅಂಟು ಹಚ್ಚಿ ಕೂರಿಸುವ ಮೊದಲು ಒಂದೆರಡು ದಿನ ಹೀಗೆ ಸರಿಸಿ ಸರಿಸಿ ನೋಡಿ.

ಕರಾವಳಿಯವರು ಇನ್ನೊಂದನ್ನು ಗಮನಿಸಬೇಕು. ಕಡಲ ಗಾಳಿಯ ಉಪ್ಪು ಯುಎಸ್‌ಬಿ ಮೂತಿಯ ಲೋಹವನ್ನು ತಿನ್ನುತ್ತದೆ. ಗಾಳಿ ಬೀಸುವ ಕಿಟಕಿಯ ಎದುರು ಇಡಬೇಡಿ, ಅಡುಗೆಮನೆಯ ಎಣ್ಣೆ ಹೊಗೆ ಬರುವಲ್ಲಿಯೂ ಬೇಡ. ಅಡಾಪ್ಟರಿನ ಬಿಸುಪಿಗೆ ಮಳೆಗಾಲದಲ್ಲಿ ಇರುವೆ ಗೂಡು ಕಟ್ಟುತ್ತದೆ. ತಿಂಗಳಿಗೊಮ್ಮೆ ತೆಗೆದು ಕೊಡವಿ, ಒಣಬಟ್ಟೆಯಲ್ಲಿ ಒರೆಸಿಡಿ.

ಟಿವಿ, ಬಾಕ್ಸ್, ಫ್ಯಾನುಗಳನ್ನು ಸೇರಿಸುವುದು

ಆ್ಯಪ್‌ನಲ್ಲಿ ಸಾಧನದ ಬಗೆ, ಕಂಪನಿ ಆರಿಸಿದರೆ ಒಂದರ ಹಿಂದೊಂದು ಸಿದ್ಧ ರಿಮೋಟ್‌ಗಳು ಬರುತ್ತವೆ. ಪ್ರತಿಯೊಂದರಲ್ಲೂ ಪವರ್ ಮಾತ್ರವಲ್ಲ, ಧ್ವನಿ, ಮ್ಯೂಟ್, ಚಾನೆಲ್ ಸಂಖ್ಯೆ ಎಲ್ಲವನ್ನೂ ಒತ್ತಿ ನೋಡಿ. ಪವರ್ ಒಂದು ಕೆಲಸ ಮಾಡಿ ಉಳಿದವು ಮಾಡದ ರಿಮೋಟ್‌ಗಳು ಬಹಳ ಸಿಗುತ್ತವೆ.

ಸಿದ್ಧ ರಿಮೋಟ್ ಹೊಂದದಿದ್ದರೆ ಹಬ್‌ಗೆ ಕಲಿಸಬೇಕು. ಕಲಿಕೆಯ ಗುಂಡಿ ಒತ್ತಿ, ಹಳೆಯ ರಿಮೋಟನ್ನು ಹಬ್‌ಗೆ ಒಂದು ಗೇಣಿಗಿಂತ ಹತ್ತಿರ ಹಿಡಿದು, ಬೇಕಾದ ಕೀಲಿಯನ್ನು ಒಮ್ಮೆ ಚುಟುಕಾಗಿ ಒತ್ತಿ ಬಿಡಿ. ಒತ್ತಿ ಹಿಡಿದರೆ ಸಂಕೇತ ಮರುಕಳಿಸುತ್ತದೆ. ಆಗ ಧ್ವನಿಯ ಒಂದು ಮೆಟ್ಟಿಲು ಏರಿಸಲು ಹೋಗಿ ನಾಲ್ಕು ಏರುತ್ತದೆ. ಬಿಸಿಲು ಬೀಳುವ ಜಗಲಿಯಲ್ಲಿ ಕಲಿಸಬೇಡಿ. ರಿಮೋಟಿನ ಸೆಲ್ ಹೊಸದಿರಲಿ. ಎಲ್ಲ ನಲವತ್ತು ಕೀಲಿ ಕಲಿಸುವ ಹಟ ಬೇಡ. ಆಯಿಗೆ ನಿಜವಾಗಿ ಬೇಕಾದದ್ದು ಒಂಬತ್ತು ಎಂದು ಅವಳ ಪಕ್ಕ ಒಂದು ಸಂಜೆ ಕೂತು ನೋಡಿದಾಗ ತಿಳಿಯಿತು.

ಎಸಿಯ ವಿಷಯವೇ ಬೇರೆ

ಟಿವಿ ರಿಮೋಟ್ ಒಂದು ಒತ್ತಿಗೆ ಒಂದು ಮಾತು ಕಳಿಸುತ್ತದೆ. ಎಸಿ ರಿಮೋಟ್ ಹಾಗಲ್ಲ. ನೀವು ಉಷ್ಣತೆಯನ್ನು ಒಂದು ಡಿಗ್ರಿ ಇಳಿಸಿದರೂ ಅದು ಪೂರ್ತಿ ಸ್ಥಿತಿಯನ್ನೇ ಕಳಿಸುತ್ತದೆ: ಆನ್, ಕೂಲ್, 25 ಡಿಗ್ರಿ, ಫ್ಯಾನ್ ನಡುವೇಗ, ರೆಕ್ಕೆ ತೂಗು. ಅದಕ್ಕೇ ಎಸಿ ರಿಮೋಟಿಗೆ ಪರದೆ ಇರುವುದು. ಲೆಕ್ಕವೆಲ್ಲ ರಿಮೋಟಿನಲ್ಲೇ ಇರುತ್ತದೆ.

ಇದರಿಂದ ಒಂದು ತೊಡಕು, ಒಂದು ಲಾಭ. ತೊಡಕೆಂದರೆ, “ಉಷ್ಣತೆ ಇಳಿಸು” ಎಂಬ ಕೀಲಿಯನ್ನು ಕಲಿಸಿ ಪ್ರಯೋಜನವಿಲ್ಲ. ಪ್ರತಿ ಸಲವೂ ಕಲಿಸಿದ ಹೊತ್ತಿನ ಅದೇ ಸ್ಥಿತಿ ಹೋಗುತ್ತದೆ. ಲಾಭವೆಂದರೆ, ಹೆಚ್ಚಿನ ಎಸಿಗಳಲ್ಲಿ ಆನ್ ಮತ್ತು ಆಫ್ ಬೇರೆ ಬೇರೆ ಸಂಕೇತಗಳು. ಆರಿದ್ದಾಗ ಇನ್ನೊಮ್ಮೆ “ಆಫ್” ಹೋದರೆ ಆರಿಯೇ ಇರುತ್ತದೆ. ಟಿವಿಯಂತೆ ತಿರುಗಿ ಬೀಳುವುದಿಲ್ಲ. ವೇಳೆ ಇಟ್ಟು ನಡೆಸಲು ಎಸಿ ಟಿವಿಗಿಂತ ನಂಬಿಕೆಯದು. ನಿಮ್ಮ ಎಸಿಯೂ ಹಾಗೆಯೇ ಎಂದು ಎರಡು ಸಲ ಆಫ್ ಕಳಿಸಿ ಖಚಿತ ಮಾಡಿಕೊಳ್ಳಿ.

ಸಿದ್ಧ ರಿಮೋಟ್ ಸಿಕ್ಕರೆ ಅದನ್ನೇ ಬಳಸಿ. ಕಲಿಸಲೇಬೇಕಾದರೆ ನಾಲ್ಕು ಸ್ಥಿತಿ ಸಾಕು. ನಾನು ಇಟ್ಟುಕೊಂಡದ್ದು: ಕೂಲ್ 24, ಕೂಲ್ 27, ಡ್ರೈ, ಮತ್ತು ಆಫ್. 2020ರಿಂದ ಸ್ಟಾರ್ ರೇಟಿಂಗ್ ಇರುವ ಎಸಿಗಳು ಹಚ್ಚಿದ ಕೂಡಲೇ 24 ಡಿಗ್ರಿಯಲ್ಲಿ ನಿಲ್ಲಬೇಕೆಂಬ ನಿಯಮ ಬಂದಿದೆ. ಏಪ್ರಿಲ್, ಮೇ ತಿಂಗಳ ಸೆಖೆಯಲ್ಲಿ ಮಲಗುವ ಹೊತ್ತಿಗೆ 24 ಸಾಕಾಗುತ್ತದೆ. ರಾತ್ರಿ ಒಂದಕ್ಕೆ 27, ಬೆಳಗಿನ ನಾಲ್ಕಕ್ಕೆ ಆಫ್. ಕೋಣೆ ಆರು ಗಂಟೆಯವರೆಗೂ ತಂಪಾಗಿರುತ್ತದೆ.

ಡ್ರೈ ಸ್ಥಿತಿಯನ್ನು ಬಹಳ ಜನ ಮುಟ್ಟುವುದೇ ಇಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಾರವಾರದಲ್ಲಿ ಸೆಖೆಗಿಂತ ತೇವದ ಕಾಟ ದೊಡ್ಡದು. ಬೀರುವಿನ ಬಟ್ಟೆ, ಚಪ್ಪಲಿ, ಪುಸ್ತಕದ ಬೆನ್ನು ಎಲ್ಲಕ್ಕೂ ಬೂಷ್ಟು. ಡ್ರೈಯಲ್ಲಿ ಎಸಿ ಫ್ಯಾನನ್ನು ನಿಧಾನ ಮಾಡಿ ಗಾಳಿಯ ನೀರನ್ನು ಹಿಂಡುತ್ತದೆ. ಸಂಜೆ ಐದಕ್ಕೆ ಡ್ರೈ ಹಚ್ಚಿ ಆರೂವರೆಗೆ ಆರಿಸುವಂತೆ ಇಟ್ಟಿದ್ದೇನೆ. ಕಚೇರಿಯಿಂದ ಬರುವಷ್ಟರಲ್ಲಿ ಹಾಸಿಗೆಯ ಮುಗ್ಗಲು ವಾಸನೆ ಹೋಗಿರುತ್ತದೆ. ಮನೆಯಲ್ಲಿ ಯಾರೂ ಇಲ್ಲದ ದಿನಗಳಲ್ಲಿ, ಊರಿಗೆ ಹೋಗುವಾಗ, ಈ ವೇಳೆಪಟ್ಟಿಯನ್ನು ಮರೆಯದೆ ನಿಲ್ಲಿಸಿ. ಎಸಿ ನಿಜವಾಗಿ ಆರಿತೇ ಎಂದು ಹೇಳಲು ಹಬ್‌ಗೆ ಬಾಯಿಲ್ಲ.

“ಓ” ಎನ್ನಿಸುವುದು ಹೇಗೆ

ಟಿವಿಯ ಪವರ್ ಗುಂಡಿಯ ತೊಂದರೆಗೆ ಪರಿಹಾರಗಳಿವೆ, ನಾನು ಪ್ರಯತ್ನಿಸಿದ ಕ್ರಮದಲ್ಲೇ ಹೇಳುತ್ತೇನೆ.

ಕೆಲವು ಟಿವಿಗಳು ರಿಮೋಟಿನಲ್ಲಿ ಇಲ್ಲದಿದ್ದರೂ ಹಚ್ಚಲು ಒಂದು, ಆರಿಸಲು ಒಂದು ಸಂಕೇತವನ್ನು ಒಪ್ಪುತ್ತವೆ. ಆ್ಯಪ್‌ನ ಸಿದ್ಧ ರಿಮೋಟಿನಲ್ಲಿ “ಪವರ್ ಆನ್”, “ಪವರ್ ಆಫ್” ಎಂದು ಎರಡು ಗುಂಡಿ ಕಂಡರೆ ಅದೃಷ್ಟ. ಅವನ್ನೇ ಬಳಸಿ. ಆಯಿಯ ಟಿವಿಯಲ್ಲಿ ಇದು ಸಿಗಲಿಲ್ಲ. ಡಿಶ್ ಬಾಕ್ಸಿನ ತಂತಿ ಟಿವಿಗೆ ಸೇರುವ ಎಚ್‌ಡಿಎಂಐ 1ಕ್ಕೆ ನೇರವಾಗಿ ಹೋಗುವ ಸಂಕೇತ ಮಾತ್ರ ಸಿಕ್ಕಿತು, ನೀಲಿ ಪರದೆಯ ಕಾಟ ತಪ್ಪಿದ್ದು ಅದರಿಂದ.

ಎರಡನೆಯದು, ವಿದ್ಯುತ್ತನ್ನು ಅಳೆಯುವ ಸ್ಮಾರ್ಟ್ ಪ್ಲಗ್. ಟಿವಿಯ ವಯರನ್ನು ಅದಕ್ಕೆ ಸಿಕ್ಕಿಸಿ. ನಿದ್ರೆಯಲ್ಲಿರುವ ಟಿವಿ ಒಂದು ವ್ಯಾಟಿನ ಆಸುಪಾಸಿನಲ್ಲಿ ಎಳೆಯುತ್ತದೆ, ಓಡುತ್ತಿದ್ದರೆ ಹತ್ತಾರು ವ್ಯಾಟ್. “ಪ್ಲಗ್ 20 ವ್ಯಾಟಿಗಿಂತ ಹೆಚ್ಚು ತೋರಿಸುತ್ತಿದ್ದರೆ ಮಾತ್ರ ಪವರ್ ಸಂಕೇತ ಕಳಿಸು” ಎಂದು ಷರತ್ತು ಹಾಕಿದರೆ, ಆರಿದ ಟಿವಿ ಮತ್ತೆ ಹೊತ್ತುವ ಪ್ರಸಂಗ ಬರುವುದಿಲ್ಲ. ಮೂಕ ಟಿವಿಗೆ “ಓ” ಎನ್ನಲು ಬಾಯಿ ಕೊಟ್ಟಂತೆ. ಆಯಿಯ ಮನೆಯಲ್ಲಿ ಈಗ ಇರುವುದು ಇದೇ. ಅಂದಿನಿಂದ ಒಮ್ಮೆಯೂ ತಪ್ಪಿಲ್ಲ. ಪ್ಲಗ್ ಮತ್ತು ಹಬ್ ಒಂದೇ ಆ್ಯಪ್‌ನಲ್ಲಿ ಇರುವಂತೆ ನೋಡಿ ಕೊಂಡರೆ ಷರತ್ತು ಹಾಕುವುದು ಸುಲಭ. ಗೀಸರಿನಂಥ ಹೆಚ್ಚು ವಿದ್ಯುತ್ ಎಳೆಯುವ ವಸ್ತುಗಳನ್ನು ಮಾತ್ರ ಇಂಥ 10 ಆಂಪಿಯರಿನ ಪ್ಲಗ್‌ಗೆ ಸಿಕ್ಕಿಸಬೇಡಿ.

ಈ ಎರಡೂ ಆಗದಿದ್ದರೆ ಟಿವಿಯನ್ನು ವೇಳೆ ಇಟ್ಟು ಆರಿಸುವ ಆಸೆ ಬಿಟ್ಟುಬಿಡಿ. ಟಿವಿಯೊಳಗೇ ಸ್ಲೀಪ್ ಟೈಮರ್ ಇರುತ್ತದೆ.

ಹಲವು ಕೆಲಸ, ಒಂದು ಗುಂಡಿ

ಒಂದು ಒತ್ತಿಗೆ ಸಾಲಾಗಿ ನಡೆಯುವ ಕೆಲಸಗಳನ್ನು ಆ್ಯಪ್‌ಗಳು “ಸೀನ್” ಎನ್ನುತ್ತವೆ. ಇಲ್ಲಿ ಕ್ರಮಕ್ಕಿಂತ ನಡುವಿನ ಬಿಡುವು ಮುಖ್ಯ. ಆಯಿಯ “ವಾರ್ತೆ” ಸೀನ್ ಹೀಗಿದೆ: ಟಿವಿ ಆರಿದ್ದರೆ ಪವರ್, ಹತ್ತು ಸೆಕೆಂಡ್ ಬಿಡುವು, ಎಚ್‌ಡಿಎಂಐ 1, ಎರಡು ಸೆಕೆಂಡ್, ಬಾಕ್ಸಿಗೆ ಚಾನೆಲ್ಲಿನ ಮೂರು ಅಂಕಿ, ಅಂಕಿಗಳ ನಡುವೆ ಒಂದೊಂದು ಸೆಕೆಂಡ್. ಹತ್ತು ಸೆಕೆಂಡ್ ಏಕೆಂದರೆ ಆಕೆಯ ಟಿವಿ ಎಚ್ಚರವಾಗಲು ಎಂಟು ತೆಗೆದುಕೊಳ್ಳುತ್ತದೆ. ಅಷ್ಟರೊಳಗೆ ಏನು ಕೂಗಿದರೂ ಅದಕ್ಕೆ ಕೇಳಿಸದು. ನಿಮ್ಮ ಟಿವಿಯ ಎದುರು ಗಡಿಯಾರ ಹಿಡಿದು ಎಣಿಸಿ, ಅದಕ್ಕೆ ಎರಡು ಸೆಕೆಂಡ್ ಸೇರಿಸಿ.

ಈ ಸೀನನ್ನು ಆಯಿಯ ಮೊಬೈಲಿನ ಮುಖಪುಟದಲ್ಲಿ ದೊಡ್ಡ ಚಿತ್ರವಾಗಿ ಇಟ್ಟಿದ್ದೇನೆ. ಆದರೆ ಅವಳು ಹೆಚ್ಚಾಗಿ ಬಳಸುವುದು ಹಳೆಯ ರಿಮೋಟನ್ನೇ. ಅದನ್ನು ತಪ್ಪಿಸಲು ಹೋಗಲಿಲ್ಲ. ಬದಲಿಗೆ ಟಿವಿ ರಿಮೋಟಿನ ಸೋರ್ಸ್, ಮೆನು, ಸೆಟ್ಟಿಂಗ್ ಕೀಲಿಗಳ ಮೇಲೆ ಕಪ್ಪು ಇನ್ಸುಲೇಷನ್ ಟೇಪನ್ನು ಎರಡು ಪದರ ಅಂಟಿಸಿದೆ. ಬೆರಳಿಗೆ ಸಿಗುವುದು ಪವರ್ ಮತ್ತು ಧ್ವನಿ ಮಾತ್ರ. ನೀಲಿ ಪರದೆಯ ಕರೆಗಳು ಅರ್ಧಕ್ಕೆ ಇಳಿದದ್ದು ಈ ಟೇಪಿನಿಂದ, ಉಳಿದರ್ಧ ಹಬ್‌ನಿಂದ.

ಮಾತಿನಲ್ಲೇ ಹೇಳಿ ನಡೆಸಬೇಕೆನ್ನುವವರು ಅಲೆಕ್ಸಾ ಅಥವಾ ಗೂಗಲ್ ಹೋಮ್ ಜೋಡಿಸಬಹುದು. ಭಾರತದಲ್ಲಿ ಅಲೆಕ್ಸಾ ಸ್ಪೀಕರ್ ಕೇಳುವುದು ಇಂಗ್ಲಿಷ್ ಮತ್ತು ಹಿಂದಿಯನ್ನು. ಹಾಗಾಗಿ ಆಜ್ಞೆಗೆ ಎರಡೂ ಕಡೆ ಒಂದೇ ಆಗಿರುವ ಪದ ಆರಿಸಿ. “ಶುಭರಾತ್ರಿ” ಎಂಬುದು ನಮಗೂ ಸರಿ, ಹಿಂದಿಗೂ ಸರಿ. ಫ್ಯಾನ್, ಟಿವಿ ಎಂಬ ಪದಗಳು ಹೇಗೂ ಎಲ್ಲರವು.

ಕರೆಂಟ್ ಹೋದಾಗ, ಸಿಡಿಲು ಬಂದಾಗ

ಮಳೆಗಾಲದಲ್ಲಿ ಮರ ಬಿದ್ದು ಕರೆಂಟ್ ಹೋಗುವುದು ನಮಗೆ ಹೊಸದಲ್ಲ. ಬಂದ ಮೇಲೆ ಹಬ್ ಅರ್ಧ ನಿಮಿಷದಲ್ಲಿ ಏಳುತ್ತದೆ, ರೌಟರ್ ಏಳಲು ಎರಡು ಮೂರು ನಿಮಿಷ. ಆ ನಡುವೆ ಬಂದ ವೇಳೆಯ ಕೆಲಸ ತಪ್ಪಿಹೋಗಬಹುದು. ಮುಖ್ಯವಾದ ಆಫ್ ಸಂಕೇತವನ್ನು ಹದಿನೈದು ನಿಮಿಷ ಬಿಟ್ಟು ಇನ್ನೊಮ್ಮೆ ಕಳಿಸುವಂತೆ ಇಡಿ. ಎಸಿಗೆ ಇದರಿಂದ ನಷ್ಟವಿಲ್ಲ. ಒಂದೇ ಪವರ್ ಸಂಕೇತದ ಟಿವಿಗೆ ಮಾತ್ರ ಷರತ್ತಿಲ್ಲದೆ ಹೀಗೆ ಮಾಡಬೇಡಿ. ಮನೆಯಲ್ಲಿ ಇನ್ವರ್ಟರ್ ಇದ್ದರೆ ರೌಟರ್, ಫೈಬರ್ ಪೆಟ್ಟಿಗೆ, ಹಬ್ ಮೂರನ್ನೂ ಅದರ ಸಾಲಿಗೆ ತನ್ನಿ. ಹಬ್ ಒಂದನ್ನೇ ತಂದರೆ ಉಪಯೋಗವಿಲ್ಲ.

ಮುಂಗಾರಿಗೆ ಮೊದಲಿನ ಮತ್ತು ನವರಾತ್ರಿ, ದೀಪಾವಳಿ ಹೊತ್ತಿನ ಗುಡುಗು ಸಿಡಿಲಿಗೆ ಮಾತ್ರ ಯಾವ ಜಾಣ ವ್ಯವಸ್ಥೆಯೂ ಉತ್ತರವಲ್ಲ. ಗುಡುಗು ದೂರದಲ್ಲಿ ಕೇಳಿಸಿದಾಗಲೇ ಪ್ಲಗ್ ಕಿತ್ತಿಡಬೇಕು. ಡಿಶ್‌ನಿಂದ ಬರುವ ತಂತಿಯನ್ನೂ ಬಾಕ್ಸಿನಿಂದ ಬಿಚ್ಚಬೇಕು. ತಾಮ್ರದ ತಂತಿ ಸಿಡಿಲಿನ ವಿದ್ಯುತ್ತನ್ನು ಒಳಗೆ ತರುತ್ತದೆ. ಸಿಡಿಲು ತಲೆಯ ಮೇಲೆ ಬಂದ ನಂತರ ಕೀಳಲು ಹೋಗಬೇಡಿ.

ಇಂಟರ್‌ನೆಟ್ ಪದೇ ಪದೇ ಹೋಗುವ ಊರಿನವರು, ತಂತ್ರಜ್ಞಾನದಲ್ಲಿ ಆಸಕ್ತಿಯೂ ಇದ್ದರೆ, ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಮನೆಯಲ್ಲೇ ರಾಸ್ಪ್‌ಬೆರಿ ಪೈಯಂಥ ಸಣ್ಣ ಕಂಪ್ಯೂಟರಿನಲ್ಲಿ ಓಡಿಸಬಹುದು. ಬ್ರಾಡ್‌ಲಿಂಕ್ ಹಬ್‌ಗಳನ್ನು ಅದು ಮನೆಯ ವೈಫೈ ಒಳಗೇ ನಡೆಸುತ್ತದೆ. ಹೊರಗಿನ ಸರ್ವರ್ ಬೇಕಿಲ್ಲ. ಕಲಿಯಲು ಒಂದೆರಡು ಭಾನುವಾರ ಬೇಕಾಗುತ್ತದೆ.

ದೂರದಿಂದ ಒತ್ತುವ ಮೊದಲು

ಊರಿನ ಮನೆಯ ಟಿವಿ, ಫ್ಯಾನುಗಳನ್ನು ನೀವು ದೂರದಿಂದ ನಡೆಸಬಲ್ಲಿರಿ ಎಂದಾದ ಮೇಲೆ ಒಂದು ಶಿಸ್ತು ಇಟ್ಟುಕೊಳ್ಳಿ: ಮೊದಲು ಫೋನ್, ಆಮೇಲೆ ಗುಂಡಿ. ಯಾರೂ ಮುಟ್ಟದೆ ಫ್ಯಾನು ತಿರುಗತೊಡಗಿದರೆ ಒಂಟಿಯಾಗಿರುವ ಹಿರಿಯರಿಗೆ ಅದು ಸೌಕರ್ಯವಲ್ಲ, ಭಯ. “ಆಯಿ, ಈಗ ಟಿವಿ ಹಚ್ಚುತ್ತೇನೆ, ನೋಡುತ್ತಿರು” ಎಂದು ಹೇಳಿ, ಅವಳು “ಹೂಂ, ಬಂತು” ಎನ್ನುವವರೆಗೆ ಫೋನ್ ಇಡುವುದಿಲ್ಲ. ಹಬ್‌ಗೆ ಸಿಗದ “ಓ” ನನಗೆ ಸಿಗುವುದು ಆಗ.

ಕೊನೆಯದಾಗಿ ಒಂದು ಚೀಟಿ ಬರೆದು ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿ. ವೈಫೈ ಹೆಸರು, ಹಬ್ ಇರುವ ಜಾಗ, ಅದರ ದೀಪ ಕೆಂಪಾಗಿ ಮಿಣುಕಿದರೆ ಅಡಾಪ್ಟರ್ ಕಿತ್ತು ಹತ್ತು ಎಣಿಸಿ ಮತ್ತೆ ಸಿಕ್ಕಿಸಬೇಕೆಂಬುದು, ಹಬ್ ಪೂರ್ತಿ ಕೆಟ್ಟರೆ ಯಾವ ರಿಮೋಟಿನ ಯಾವ ಗುಂಡಿ ಒತ್ತಬೇಕೆಂಬುದು, ಇಷ್ಟು ಅದರಲ್ಲಿರಲಿ. ನಾನು ಬರೆದುಕೊಟ್ಟ ಚೀಟಿಯನ್ನು ಆಯಿ ಒಪ್ಪಲಿಲ್ಲ. ಅಕ್ಷರ ಸಣ್ಣದಾಯಿತೆಂದು ಕ್ಯಾಲೆಂಡರಿನ ಹಿಂಬದಿಯಲ್ಲಿ ತಾನೇ ದಪ್ಪಕ್ಷರದಲ್ಲಿ ಬರೆದುಕೊಂಡಳು. ನಾನು “ಎಚ್‌ಡಿಎಂಐ 1” ಎಂದು ಬರೆದಿದ್ದ ಕಡೆ ಅವಳ ಚೀಟಿಯಲ್ಲಿ “ಡಿಶ್ ಬರುವ ದಾರಿ” ಎಂದಿದೆ. ಆ್ಯಪ್‌ನಲ್ಲಿಯೂ ಆ ಗುಂಡಿಯ ಹೆಸರನ್ನು ಹಾಗೆಯೇ ಬದಲಿಸಿದ್ದೇನೆ.